ಕೆಲಸ ಬಟ್ಟೆಯದ್ದಲ್ಲ
ಅಮೆರಿಕದ ಆಧುನಿಕ ನೃತ್ಯಗಾರ್ತಿ ಮಾರ್ಥಾ ಗ್ರಹಾಂ ಬಟ್ಟೆಯ ಕೊಳವೆಯೊಳಗೆ ಬೆಂಚಿನ ಮೇಲೆ ಕೂತು ಮಾಡಿದ 1930ರ ನೃತ್ಯ 'ಲ್ಯಾಮೆಂಟೇಶನ್' (ಶೋಕ) ಬಗ್ಗೆ "ಕೂತಲ್ಲೇ ಕುಣಿದದ್ದು, ಕೆಲಸವೆಲ್ಲ ಬಟ್ಟೆಯದ್ದು" ಅಂತ ಬರೆದಿದ್ದೀರಿ. ಇದನ್ನು ಒಪ್ಪುವುದು ಕಷ್ಟ. ಆ ಹಿಗ್ಗುವ ಜೆರ್ಸಿ ಬಟ್ಟೆ ತಾನಾಗಿ ಬಿಗಿಯಾಗುವುದಿಲ್ಲ ಅಲ್ವಾ? ಒಳಗಿಂದ ಮೊಣಕೈ, ಮಂಡಿ ಒತ್ತಿದಾಗಲೇ ಆ ಚೂಪು ಗೆರೆಗಳು ಮೂಡುವುದು. ಉಸಿರು ಬಿಡುತ್ತಾ ಹೊಟ್ಟೆ ಒಳಗೆಳೆದು ಬೆನ್ನು ಬಾಗಿಸುವ 'ಕಾಂಟ್ರಾಕ್ಷನ್' ಇಲ್ಲದಿದ್ದರೆ ಅದು ಸುಮ್ನೆ ಬೆಂಚಿನ ಮೇಲಿಟ್ಟ ಚೀಲ. ಹೊರಗೆ ಕಾಣುವುದು ಮುಖ, ಕೈ, ಪಾದ ಅಷ್ಟೇ. ಆದರೂ ಸಂಕಟ ಸೊಂಟದಿಂದ ಮೇಲಕ್ಕೆ ಏರುವುದು ಗೊತ್ತಾಗುತ್ತದೆ. ಟೀಕಿಸಲೇಬೇಕು ಅಂತಿದ್ದರೆ ಅವರು ವೇದಿಕೆ ಬಿಡುವ ಮುಂಚಿನ ವರ್ಷಗಳನ್ನು ಹಿಡಿಯಬಹುದಿತ್ತು. ಎಪ್ಪತ್ತು ದಾಟಿದ ಮೇಲೂ ಕುಣಿಯುವುದು ನಿಲ್ಲಿಸಲಿಲ್ಲ; ಮೈ ಬಗ್ಗದ ಕಡೆ ಭಂಗಿಯಲ್ಲೇ ಜಾಸ್ತಿ ಸಾಗಿಸಿದರು. ಅಲ್ಲಿ ಬೇಕಾದರೆ ನಿಮ್ಮ ಮಾತು ಸರಿಹೊಂದುತ್ತದೆ.