ಮಂಜೇ ಬೇಕೆಂದೇನೂ ಇಲ್ಲ

ಕೊಲೆ, ರಹಸ್ಯ ಬೆರೆತ ರೋಚಕ ಪ್ರೇಮಕಾದಂಬರಿಗೆ ಮಲೆನಾಡಿನ ಮಂಜು, ಹಳೆಯ ಬಂಗಲೆ ಇದ್ದರೇ ಕಳೆ ಎಂದು, ತಾವು ಬರೆಯುವ ಬಗೆಯನ್ನು ವಿವರಿಸುತ್ತ ಲೇಖಕಿಯೊಬ್ಬರು ಹೇಳಿದ ಮಾತನ್ನು ಕೋಲಾರದವನಾದ ನಾನು ಒಪ್ಪಲಾರೆ. ಒಮ್ಮೆ ನಮ್ಮ ಕೆಜಿಎಫ್‌ಗೆ ಬರಲಿ. 2001ರಲ್ಲಿ ಬಾಗಿಲು ಹಾಕಿದ ಚಿನ್ನದ ಗಣಿ, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದ ಸುರಂಗಗಳು, ಅವುಗಳಲ್ಲಿ ತುಂಬಿನಿಂತ ನೀರು. ಗಾಳಿ ಎದ್ದರೆ ಸೈನೈಡ್ ದಿಬ್ಬದ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಗುಡ್ಡೆಯ, ಬೂದು ಧೂಳು ಒಗೆದು ಹರವಿದ ಸೀರೆಯ ಮೇಲೆ ಕೂರುತ್ತದೆ. ಸೆರಗಿನ ಆ ಧೂಳು ನೋಡಿಯೇ ನಾಯಕಿ ಎಲ್ಲಿಗೆ ಹೋಗಿದ್ದಳೆಂದು ನಾಯಕ ಊಹಿಸಬಹುದಲ್ಲ! ಕೊನೆಯ ಅಧ್ಯಾಯವನ್ನೇ ಮೊದಲು ಬರೆದುಕೊಳ್ಳುತ್ತೇನೆ ಎಂದಿದ್ದಾರೆ, ಅದು ಮಾತ್ರ ಸರಿ. ವಾರಪತ್ರಿಕೆಯ ಧಾರಾವಾಹಿಗಳನ್ನು ಓದಿ ಬೆಳೆದ ನಮಗೆ, ನಡುವಿನ ಕಂತಿನಲ್ಲಿ ಕೊಟ್ಟ ಸುಳಿವು ಕೊನೆಗೆ ಅನಾಥವಾದರೆ ಸಿಟ್ಟು ನೆತ್ತಿಗೇರುತ್ತದೆ. ಕೊಲೆಗಾರ ಸಿಕ್ಕಿಬಿದ್ದ ಮೇಲೆ ಎರಡೇ ಸಾಲಿನಲ್ಲಿ ಮದುವೆ ಮಾಡಿಸಿ ಕೈತೊಳೆದುಕೊಳ್ಳುವ ಚಾಳಿಯನ್ನೂ ಅವರು ಬಿಡಲಿ.