ಮದ್ಯಪ್ರಿಯರು ಮತ್ತು ನಾರೀಮಣಿಯರು

ಮೊನ್ನೆ ಸಂಜೆ ಮತ್ತೆ ಬಂತು ನೋಡಿ. ಬಸ್ಸಲ್ಲಿ ಇಬ್ರು ಹೆಂಗಸ್ರು ಸೀಟಿಗೆ ಕಿತ್ತಾಡಿದ ವಿಡಿಯೋ. ಇಪ್ಪತ್ತು ಸೆಕೆಂಡ್ ಇತ್ತೇನೋ, ಅದನ್ನೇ ಚಾನೆಲ್‌ನೋರು ಅರ್ಧ ಗಂಟೆ ರುಬ್ಬಿದ್ರು. ಕೆಂಪು ರೌಂಡ್ ಹಾಕಿ ಒಂದ್ಸಲ, ಸ್ಲೋ ಮೋಷನ್ನಲ್ಲಿ ಒಂದ್ಸಲ, ಹಿಂದೆ ಹಾಡು ಹಾಕಿ ಇನ್ನೊಂದ್ಸಲ, ಕೆಳಗೆ ಬಾಳೆಕಾಯಿ ಗಾತ್ರದ ಅಕ್ಷರದಲ್ಲಿ "ಫ್ರೀ ಬಸ್ಸಲ್ಲಿ ನಾರೀಮಣಿಯರ ಜಡೆ ಜಗಳ!" ಅಂತ. ನೀವೂ ನೋಡಿರ್ತೀರ. ನೋಡಿಲ್ಲ ಅಂದ್ರೂ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಯಾರೋ ಚಿಕ್ಕಪ್ಪ ಹಾಕಿರ್ತಾರೆ, ನಗೋ ಮುಖ ಮೂರು ಸೇರಿಸಿ.

ಟಿವಿ ಮುಂದೆ ನಮ್ಮತ್ತೆ ಕೂತಿದ್ರು. ಅವತ್ತೇ ಬೆಳಗ್ಗೆ ಎಡೆಯೂರಿಗೆ ಹೋಗಿ ಸಿದ್ಧಲಿಂಗೇಶ್ವರನಿಗೆ ಕೈ ಮುಗಿದು ದಾಸೋಹದಲ್ಲಿ ಊಟ ಮುಗಿಸಿ ಬಂದಿದ್ರು, ಶಕ್ತಿ ಯೋಜನೆಲಿ ಹೆಂಗಸ್ರಿಗೆ ಸರ್ಕಾರಿ ಬಸ್ ಫ್ರೀ ಅಲ್ವಾ, ಹೋಗೋಕೂ ಬರೋಕೂ ಶೂನ್ಯ ಟಿಕೆಟ್ಟು, ಅದಿನ್ನೂ ಆಧಾರ್ ಕಾರ್ಡ್ ಜೊತೆ ಮಡಚ್ಕೊಂಡು ಪರ್ಸಲ್ಲೇ ಇತ್ತು. "ಥೂ, ಏನ್ ಹೆಂಗಸ್ರೋ ಏನೋ, ಬಿಟ್ಟಿ ಅಂದ್ರೆ ಸಾಕು ಬೀದಿಗೆ ಬೀಳ್ತಾವೆ, ಮನೇಲಿ ಕೆಲ್ಸ ಇಲ್ವಾ ಇವಕ್ಕೆ" ಅಂದ್ರು, ಕಾಲು ನೀವಿಕೊಳ್ತಾ. ಕುಣಿಗಲ್ ತನಕ ನಿಂತ್ಕೊಂಡೇ ಬಂದಿದ್ರಂತೆ ಪಾಪ.

ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ರೆ ಅದೂ ಜಡೆ ಜಗಳದ ಲೆಕ್ಕಕ್ಕೇ ಸೇರ್ತಿತ್ತು.

ಈ ಜಡೆ ಜಗಳ ಅನ್ನೋ ಪದದ ಮೇಲೆ ನಂಗೆ ಹಳೇ ಸಿಟ್ಟಿದೆ. ಗಂಡಸ್ರು ಹೊಡೆದಾಡಿದ್ರೆ ಮಾರಾಮಾರಿ, ರಾಜಕಾರಣಿಗಳು ಬೈದಾಡಿದ್ರೆ ವಾಕ್ಸಮರ, ಕೈ ಕೈ ಮಿಲಾಯಿಸಿದ್ರೆ ಜಟಾಪಟಿ. ಮೀಸೆ ಜಗಳ ಅಂತ ಯಾವನಾದ್ರೂ ಬರೆದಿದ್ದು ನೋಡಿದೀರಾ? ಸೀಟಿಗೆ ಕಿತ್ತಾಟ ಅಂದ್ರೆ 2020ರ ಡಿಸೆಂಬರಲ್ಲಿ ನಮ್ಮ ವಿಧಾನ ಪರಿಷತ್ತಲ್ಲಿ ಆಯ್ತಲ್ಲ, ಚಿಂತಕರ ಚಾವಡಿ ಅಂತಾರೆ ಅದನ್ನ, ಅಲ್ಲಿ ಮೇಲ್ಮನೆ ಹಿರಿಯರು ಪೀಠದಲ್ಲಿ ಕೂತವರನ್ನೇ ಎಳೆದು ಇಳಿಸಿದ್ರು. ಅವರೂ ಸರ್ಕಾರಿ ಖರ್ಚಲ್ಲೇ ಓಡಾಡೋರು. ಅದು ಮಾತ್ರ ಕೋಲಾಹಲ.

ಮನೆಯಲ್ಲೂ ಈ ಭಾಷೆ ಬಂದ್ಬಿಟ್ಟಿದೆ ಮಾರಾಯ್ರೆ. ಪಕ್ಕದ ಮನೆಯಾಕೆ ನಮ್ಮ ಗೇಟಿಗೆ ಅಡ್ಡ ಸ್ಕೂಟರ್ ನಿಲ್ಸಿದ್ದಕ್ಕೆ ನಾನೊಂದೆರಡು ಮಾತು ಜೋರಾಗಿ ಆಡಿದ್ರೆ ನನ್ನ ಒಂಬತ್ತು ವರ್ಷದ ಮಗ ಒಳಗೆ ಓಡಿ ಅವರಪ್ಪಂಗೆ ಹೇಳ್ತಾನೆ, "ಅಪ್ಪಾ ಬಾ, ಅಮ್ಮಂದು ಜಡೆ ಜಗಳ ಲೈವ್!" ನಾನು ಜಡೆ ಕತ್ತರಿಸಿ ಬಾಬ್ ಕಟ್ ಮಾಡಿಸಿ ನಾಲ್ಕು ವರ್ಷ ಆಯ್ತು.

ಇನ್ನು ನಾರೀಮಣಿ. ಎಷ್ಟು ಗೌರವ ನೋಡಿ, ಮಣಿ ಅಂತೆ! ಈ ಮಣಿ ಬಸ್ ಹತ್ತಿದಾಗ, ಸೀರೆ ಆಫರಿಗೆ ಕ್ಯೂ ನಿಂತಾಗ ಮಾತ್ರ ಹೊಳೆಯುತ್ತೆ, ಆಪರೇಷನ್ ಮಾಡೋ ಡಾಕ್ಟರಮ್ಮಂಗೆ ಯಾರೂ ನಾರೀಮಣಿ ಅನ್ನಲ್ಲ. ಹಾಗಾದ್ರೆ ಪುರುಷಮಣಿಗಳು ಎಲ್ಲಿ? ಇದ್ರು, 2020ರ ಮೇ 4ನೇ ತಾರೀಕು ಇದ್ರು. ಲಾಕ್‌ಡೌನಲ್ಲಿ ನಲವತ್ತು ದಿನ ಮುಚ್ಚಿದ್ದ ಎಣ್ಣೆ ಅಂಗಡಿ ತೆಗೆದ ದಿನ, ನೆನಪಿದ್ಯಲ್ಲ. ಬೆಳಗಿನ ಜಾವಕ್ಕೇ ಕ್ಯೂ, ತಮ್ಮ ಬದಲು ಚಪ್ಪಲಿ, ಚೀಲ, ಕಲ್ಲು ಸಾಲಲ್ಲಿಟ್ಟೋರು, ಶಟರಿಗೆ ಆರತಿ ಎತ್ತಿ ಕಾಯಿ ಒಡೆದೋರು. ಒಂದೇ ದಿನ 45 ಕೋಟಿ ರೂಪಾಯಿ ಮಾಲು ಖಾಲಿ. ಅವರಿಗೆ ನಮ್ಮ ಟಿವಿ ಇಟ್ಟ ಹೆಸರು ಮದ್ಯಪ್ರಿಯರು. ಆಹಾ, ಕಾವ್ಯಪ್ರಿಯರು, ಸಂಗೀತಪ್ರಿಯರು, ಮದ್ಯಪ್ರಿಯರು. ಕೇಳಿದ್ರೆ ಶಾಲು ಹೊದಿಸಿ ಸನ್ಮಾನ ಮಾಡೋಣ ಅನ್ಸುತ್ತೆ. ಅವತ್ತು ರಿಪೋರ್ಟರು ಎಷ್ಟು ಪ್ರೀತಿಯಿಂದ ಕೇಳ್ತಿದ್ರು, "ಹೇಳಿ ಸರ್, ಇಷ್ಟು ದಿನ ಹೇಗಿದ್ರಿ?" ಬಿಟ್ಟಿ ಬಸ್ ಹತ್ತಿದೋಳಿಗೆ ಕೇಳೋ ಪ್ರಶ್ನೆ ಬೇರೆ. "ಎಲ್ಲಿಗಮ್ಮ? ಯಾಕೆ? ಮನೇಲಿ ಅಡುಗೆ ಯಾರು ಮಾಡ್ತಾರೆ?"

ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಮುಂದಿನ ವಾರವೇ ಸ್ಟುಡಿಯೋದಲ್ಲಿ ನಾಲ್ಕು ಜನ ಗಂಡಸ್ರು ಕೂತು ಸಂಸಾರಗಳ ಭವಿಷ್ಯ ಹೇಳೋಕೆ ಶುರು ಮಾಡಿದ್ರು. ಹೆಂಡ್ತಿ ಧರ್ಮಸ್ಥಳಕ್ಕೆ ಹೋದ್ರೆ ಗಂಡನ ಗತಿಯೇನು ಅಂತ ಒಬ್ರು ನಿಜವಾಗ್ಲೂ ಗಂಭೀರವಾಗಿ ಕೇಳಿದ್ರು. ಗಂಡನ ಗತಿ ಏನಾಗುತ್ತೆ, ಅನ್ನಕ್ಕಿಟ್ಟು ಮೂರು ವಿಷಲ್ ಎಣಿಸ್ಬೇಕಾಗುತ್ತೆ. 2025ರ ಜುಲೈ ಹೊತ್ತಿಗೆ 500 ಕೋಟಿ ಟಿಕೆಟ್ ಹರಿದಿದ್ದಾಯ್ತು, ಮುಖ್ಯಮಂತ್ರಿಗಳೇ ಕಂಡಕ್ಟರ್ ಆಗಿ ಫೋಟೋಗೆ ನಿಂತ್ರು. 500 ಕೋಟಿ ಪ್ರಯಾಣದಲ್ಲಿ ಟಿವಿ ಕಣ್ಣಿಗೆ ಬಿದ್ದಿದ್ದು ಕಿತ್ತಾಟದ ಹತ್ತಿಪ್ಪತ್ತು ವಿಡಿಯೋ. ಬಸ್ಸು ಸಾಲದು, ಶೆಡ್ಯೂಲ್ ಸಾಲದು, ಜನ ಜೋತಾಡ್ತಾರೆ, ಅದಕ್ಕೇ ಜಗಳ ಆಗುತ್ತೆ ಅಂತ ಹೇಳಿದ್ರೆ ಅದಕ್ಕೆ ಹಾಡು ಹಾಕೋಕಾಗಲ್ವಲ್ಲ.

ನಾನು ತುಮಕೂರಿಂದ ಬೆಂಗಳೂರಿಗೆ ದಿನಾ ಹೋಗೋಳು. ದಾಬಸ್‌ಪೇಟೆಲಿ ಒಬ್ಳು ಹತ್ತುತಾಳೆ, ಪೀಣ್ಯದ ಗಾರ್ಮೆಂಟ್ಸಲ್ಲಿ ಕೆಲಸ, ಸೀಟ್ ಸಿಕ್ಕಿದ ತಕ್ಷಣ ನಿದ್ದೆ, ನೆಲಮಂಗಲ ಟೋಲ್ ಹತ್ರ ತಾನಾಗೇ ಎಚ್ಚರ ಆಗ್ತಾಳೆ, ಅಲಾರಂ ಬೇಡ. ಒಂದಿನ ಹೇಳಿದ್ಳು, ಮೊದ್ಲು ಬಸ್ ಚಾರ್ಜಿಗೇ ತಿಂಗಳಿಗೆ ಎರಡು ಸಾವಿರ ಹೋಗ್ತಿತ್ತಂತೆ, ಈಗ ಆ ದುಡ್ಡಿಗೆ ಚೀಟಿ ಹಾಕಿದಾಳಂತೆ. "ಮನೇಲಿ ಗೊತ್ತಿಲ್ಲ ಅಕ್ಕ, ಗೊತ್ತಾದ್ರೆ ಮೊದ್ಲನೇ ಚೀಟಿನೇ ಆವಯ್ಯ ಕುಡ್ದುಬಿಡ್ತಾನೆ." ಆವಯ್ಯ ಅಂದ್ರೆ ಯಾರು ಗೊತ್ತಾಯ್ತಲ್ಲ, ಮದ್ಯಪ್ರಿಯರು.

ಮಾರ್ಚ್ 8 ಬಂದ್ರೆ ಮಾತ್ರ ಟಿವಿ ಪೂರ್ತಿ ಪಿಂಕ್. ಹೆಣ್ಣು ಅಂದ್ರೆ ಕ್ಷಮಯಾ ಧರಿತ್ರಿ, ಅವಳಿಲ್ಲದೆ ಜಗವಿಲ್ಲ, ಒಂದೂವರೆ ಗಂಟೆ ನಮ್ಮನ್ನ ಭೂಮಿಗೆ ಹೋಲಿಸ್ತಾರೆ. ಬ್ರೇಕ್ ಆದ್ಮೇಲೆ ಕ್ರೈಂ ಪ್ರೋಗ್ರಾಂ, ಅದೇ ಭೂಮಿ ಈಗ ಖತರ್ನಾಕ್ ಲೇಡಿ. ಕಳ್ಳ ಬರೀ ಕಳ್ಳ, ಕಳ್ಳಿ ಆದ್ರೆ ಚೆಲುವೆ, ಮಾಯಾಂಗನೆ. 2021ರಲ್ಲಿ ಮಂತ್ರಿಯೊಬ್ಬರ ಸೆಕ್ಸ್ ಸಿಡಿ ಅಂತ ಆದ ಗಲಾಟೆ ತಗೊಳ್ಳಿ, ಆ ಕಡೆ ಇದ್ದ ಮಂತ್ರಿ ಕೊನೇ ತನಕ ಸಾಹುಕಾರ್ರು, ಈ ಕಡೆ ಇದ್ದವಳು ಸಿಡಿ ಲೇಡಿ. ಸರಿ ತಪ್ಪು ಯಾರದ್ದೋ ಬಿಡಿ, ನಾನು ಬರೀ ನಾಮಕರಣದ ಬಗ್ಗೆ ಹೇಳ್ತಿದೀನಿ.

ಆಮೇಲೆ 2024ರ ಏಪ್ರಿಲಲ್ಲಿ ಹಾಸನದ ಪೆನ್‌ಡ್ರೈವ್, ಅಲ್ಲಿನ ಆಗಿನ ಸಂಸದ ಪ್ರಜ್ವಲ್ ರೇವಣ್ಣನ ವಿಡಿಯೋಗಳು ಇದ್ದಿದ್ದು. ಅದಕ್ಕೂ ಇವರ ಹತ್ರ ರೆಡಿ ಇದ್ದ ಪದ ರಾಸಲೀಲೆ.

ಇಲ್ಲಿ ನಂಗೆ ತಮಾಷೆ ಬರಲ್ಲ, ಕ್ಷಮಿಸಿ. ಮನೆಗೆಲಸಕ್ಕೆ ಬಂದ ಹೆಂಗಸಿನ ಮೇಲೆ ಅತ್ಯಾಚಾರ ಮಾಡಿ ಅದನ್ನ ಶೂಟ್ ಮಾಡ್ಕೊಂಡಿದ್ದು ಅದು. 2025ರ ಆಗಸ್ಟಲ್ಲಿ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿದ್ದು ಲೀಲೆಗಲ್ಲ. ಆ ಹೆಂಗಸ್ರ ವಿಡಿಯೋ ಮುಖ ಮುಚ್ಚದೆ ಊರೂರಲ್ಲಿ ಫೋನಿಂದ ಫೋನಿಗೆ ಓಡಾಡ್ತು, ಎಷ್ಟೋ ಜನ ಮನೆ ಬಿಟ್ಟು ಹೋಗ್ಬೇಕಾಯ್ತು. ಸಂತ್ರಸ್ತೆಯ ಗುರುತು ಹೇಳಬಾರದು ಅಂತ ಕಾನೂನಿದೆ, ಇವತ್ತಿನದ್ದಲ್ಲ, ಹಳೇದು. ಪ್ಯಾನಲ್ಲಲ್ಲಿ ಮಾತ್ರ ಚುನಾವಣೆಗೆ ಎಷ್ಟು ಓಟು ಲಾಸು ಅಂತ ಲೆಕ್ಕ. ಯಾರ ಮನೆಯವಳೋ ಏನೋ, ಊಟ ಮಾಡಿದ್ಲೋ ಇಲ್ವೋ ಅಂತ ಒಬ್ಬನಾದ್ರೂ ಕೇಳಿದ್ದು ನಾನು ಕೇಳಲಿಲ್ಲ. ದಿನಾ ಅದೇ ಪದ ಕೇಳಿಸ್ಕೊಂಡ ನಮ್ಮತ್ತೆಯಂಥ ಅತ್ತೇನೂ ಒಂದಿನ ತರಕಾರಿ ಹೆಚ್ತಾ, "ಇವಳಿಗೇನು ಬಂದಿತ್ತು ಅಲ್ಲಿಗೆ ಹೋಗೋಕೆ" ಅಂದ್ಬಿಟ್ರು. ಕೆಲಸಕ್ಕೆ ಹೋಗಿದ್ಲು ಅತ್ತೆ, ಸಂಬಳಕ್ಕೆ. ಅವತ್ತು ನಾನು ಜೋರಾಗೇ ಹೇಳ್ದೆ. ಅವರು ಚಾಕು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ ಚಾನೆಲ್ ಬದಲಾಯಿಸಿ ಸೀರಿಯಲ್ ಹಾಕಿದ್ರು. ಅಲ್ಲಿ ಒಬ್ಬ ಅತ್ತೆ ರೇಷ್ಮೆ ಸೀರೆ ಉಟ್ಕೊಂಡು ಸೊಸೆಯ ಪಾಯಸಕ್ಕೆ ಏನೋ ಪುಡಿ ಬೆರೆಸ್ತಿದ್ಲು.

ಅದಿರ್ಲಿ. ನಿನ್ನೆ ರಾತ್ರಿ ಅತ್ತೆ ಮೆಲ್ಲಗೆ ಹತ್ರ ಬಂದು ಕೂತ್ರು. ಬರೋ ಸೋಮವಾರ ಅವರೂ ಅವರ ತಂಗೀನೂ ಧರ್ಮಸ್ಥಳಕ್ಕೆ ಹೊರಟಿದಾರಂತೆ. "ಆರು ಗಂಟೆ ಬಸ್ಸಿಗೆ ಭಾರಿ ರಶ್ಶು ಕಣೆ. ನೀನು ಮುಂಚೆ ಹೋಗಿ ಕಿಟಕಿಯಿಂದ ಒಂದು ಟವೆಲ್ ಹಾಕಿರು. ಯಾರಾದ್ರೂ ಬಂದು ಕೂತ್ಕೊಂಡ್ರೆ ಸುಮ್ನೆ ಬಿಡ್ಬೇಡ."

ಮಗ ಹೋಂವರ್ಕಿಂದ ತಲೆ ಎತ್ತಿದ. "ಅಜ್ಜೀ, ನಾನೂ ಬರ್ಲಾ? ಮೊಬೈಲ್ ತರ್ತೀನಿ."