ಕರಕಿ ಕಿತ್ತು ಬರ್ಮುಡಾ ಹಾಕಿದರು

ರಾಯಚೂರಿನಲ್ಲಿ ಏಪ್ರಿಲ್ ತಿಂಗಳು ಲಾನ್ ಬಿತ್ತೋಣ ಅಂತ ಯಾರಿಗಾದರೂ ಹೊಳೆದರೆ ಅವರನ್ನು ನೆರಳಿಗೆ ಕರೆದು ಕೂರಿಸಿ, ಒಂದು ಗ್ಲಾಸ್ ಮಜ್ಜಿಗೆ ಕೊಟ್ಟು, ತಲೆ ಮೇಲೆ ಒದ್ದೆ ಟವೆಲ್ ಹಾಕಬೇಕು. ನಮ್ಮಲ್ಲಿ ವರ್ಕ್ ಆರ್ಡರ್ ಕೊಟ್ಟರು.

ನಮ್ಮ ಬಡಾವಣೆಯ ಪಾರ್ಕಿನ ಮಾತು ಇದು. ಯಾವ ಇಲಾಖೆ, ಯಾವ ಸಾಹೇಬರು ಅಂತ ಕೇಳಬೇಡಿ, ನಾನು ದಿನಾ ಆ ದಾರಿಯಲ್ಲೇ ಓಡಾಡಬೇಕು. ಅಲ್ಲಿ ಮೊದಲು ಕರಕಿ ಇತ್ತು. ಪುಸ್ತಕದವರು ಗರಿಕೆ ಅಂತಾರಲ್ಲ, ಗಣಪತಿಗೆ 21 ಏರಿಸುತ್ತೇವಲ್ಲ, ಅದೇ. ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಹಾಕಿದ್ದೂ ಅಲ್ಲ. ಮುಂಜಾನೆ ಅಜ್ಜಂದಿರು ಅದರ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದರು, ಸಂಜೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಮಧ್ಯಾಹ್ನ ಎರಡು ಆಡು ಬಂದು ಮೇಯ್ದು ಹೋಗುತ್ತಿದ್ದವು, ಅಂದರೆ ಲಾನ್ ಕತ್ತರಿಸೋ ಮಷೀನಿನ ಖರ್ಚೂ ಇರಲಿಲ್ಲ. ಇಷ್ಟು ಸುಸೂತ್ರವಾಗಿ ನಡೆಯುವ ಜಾಗವನ್ನು ಹಾಗೇ ಬಿಡೋಕಾಗುತ್ತಾ?

ಎಸ್ಟಿಮೇಟ್ ಬಂತು. ಮೊದಲ ಕೆಲಸ, ಕಳೆ ತೆರವು. ಎರಡನೇ ಕೆಲಸ, ಬರ್ಮುಡಾ ಹುಲ್ಲಿನ ಲಾನ್.

ಬರ್ಮುಡಾ ಅಂದರೆ ನಮಗೆಲ್ಲ ಮೊಣಕಾಲು ತನಕ ಬರೋ ಚಡ್ಡಿ. ಅದು ಹುಲ್ಲೂ ಹೌದು ಅಂತ ಗೊತ್ತಾಗಿದ್ದೇ ಆಗ. ಹೆಸರಿಗೆ ಮರುಳಾಗಿ ನಾನೂ ಸ್ವಲ್ಪ ಓದಿದೆ. ಓದಿ ಸುಮ್ನೆ ಕೂತುಬಿಟ್ಟೆ. ಬರ್ಮುಡಾ ಹುಲ್ಲಿನ ಸಸ್ಯಶಾಸ್ತ್ರದ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ನಮ್ಮ ಕರಕಿಯ ಹೆಸರೂ ಸೈನೊಡಾನ್ ಡ್ಯಾಕ್ಟಿಲಾನ್. ಚೀಲದಲ್ಲಿ ಬರೋದು ಎಲೆ ಸ್ವಲ್ಪ ಸಣ್ಣಗಿರೋ ಆರಿಸಿದ ತಳಿ ಇರಬಹುದು, ಆದರೆ ಜಾತಿ ಅದೇ. ಮೇಲಾಗಿ ಅದು ಬರ್ಮುಡಾ ದ್ವೀಪದ ಮೂಲದ್ದೂ ಅಲ್ಲ, ಎಲ್ಲಿಂದಲೋ ಅಲ್ಲಿಗೆ ಹೋಗಿ ಹೆಸರು ಮಾಡಿಕೊಂಡು ಬಂದಿದೆ. ಫಾರಿನ್ನಿಗೆ ಹೋಗಿ ಬಂದ ಮೇಲೆ ಊರಲ್ಲಿ ಮರ್ಯಾದೆ ಜಾಸ್ತಿ, ಹುಲ್ಲಿಗೂ ಅಷ್ಟೇ.

ಕಸ ತೆಗೆಯೋಕೆ ನಾಲ್ಕು ಜನ ಹೆಣ್ಣುಮಕ್ಕಳು ಬಂದರು. ಅವರಲ್ಲಿ ವಯಸ್ಸಾದಾಕೆ ಕುರ್ಪಿ ಹಿಡಿದು ಕೂತು ಕೇಳಿದಳು, "ಸಾಹೇಬ್ರ, ಹುಲ್ಲು ಹಾಕಾಕ ಹುಲ್ಲು ಯಾಕ ಕೀಳ್ತೀರಿ?" ಸೂಪರ್‌ವೈಸರ್, "ಯಕ್ಕಾ, ಇದು ಕಳೆ, ಅದು ಲಾನ್" ಅಂದ. ಆಕೆಗೆ ನಗು. ಎರೆ ಹೊಲದ ಆಕೆ ಆಕೆ. ಹೊಲದಲ್ಲಿ ಕರಕಿ ಹೊಕ್ಕರೆ ಬೇರು ಆಳಕ್ಕೆ ಇಳಿದುಬಿಡುತ್ತೆ, ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ನೇಗಿಲು ಹೊಡೆಸಿ, ಬೇರು ಆರಿಸಿ ಬದುವಿಗೆ ಎಸೆದು, ಬಿಸಿಲಿಗೆ ಒಣಗಿಸಿ, ಆದರೂ ಮುಂದಿನ ಮಳೆಗೆ ಅದು ಮತ್ತೆ ಚಿಗುರೋದನ್ನು ನೋಡಿ ನೋಡಿ ಸಾಕಾದವರು ಆ ಕಡೆಯ ರೈತರು. ಅವರು ಸಾಲ ಮಾಡಿ ಸಾಯಿಸೋ ಹುಲ್ಲನ್ನು ಇಲ್ಲಿ ಟೆಂಡರ್ ಕರೆದು ಬೆಳೆಸುತ್ತಾರೆ ಅಂದರೆ ನಗದೆ ಇನ್ನೇನು ಮಾಡ್ತಾಳೆ. ಕಿತ್ತ ಕರಕಿಯನ್ನು ಬುಟ್ಟಿ ತುಂಬಿ ಕಾಂಪೌಂಡಿನಾಚೆ ಚರಂಡಿ ಪಕ್ಕಕ್ಕೆ ಎಸೆದರು.

ಆಮೇಲೆ ಬಿತ್ತನೆ. ನ್ಯಾಯವಾಗಿ ಹೇಳಬೇಕೆಂದರೆ ಈ ಹುಲ್ಲಿಗೆ ಸೆಕೆ ಇಷ್ಟವೇ. ಆದರೆ ಬೀಜ ರಾಗಿಗಿಂತ ಎಷ್ಟೋ ಸಣ್ಣದು. ಮೇಲೆಮೇಲೆಯೇ ಇರಬೇಕು, ಮೊಳೆಯೋ ತನಕ ಎರಡು ಮೂರು ವಾರ ಆ ಮೇಲ್ಮಣ್ಣು ಒಣಗಲೇಬಾರದು. 40 ಡಿಗ್ರಿ ದಾಟೋ ಊರಲ್ಲಿ ಹಾಗಿರಬೇಕಾದರೆ ದಿನಕ್ಕೆ ಮೂರು ನಾಲ್ಕು ಸಲ ತುಂತುರು ನೀರು ಬೇಕು. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ ಇರೋ ಜಿಲ್ಲೆ ನಮ್ಮದು. ನಮ್ಮ ಗಲ್ಲಿಗೆ ನಲ್ಲಿ ನೀರು ಬರೋದು ನಾಲ್ಕು ದಿನಕ್ಕೊಮ್ಮೆ. ಪಾರ್ಕಿಗೆ ಮಾತ್ರ ಟ್ಯಾಂಕರ್ ಬಂತು, ದಿನಕ್ಕೊಂದೇ ಸಲ, ಬೆಂಕಿ ನಂದಿಸೋ ಹಾಗೆ ಪೈಪ್ ಬಿಟ್ಟರು. ಬೀಜವೆಲ್ಲ ತೇಲಿಕೊಂಡು ಒಂದು ಮೂಲೆಗೆ ಹೋಗಿ ಸಭೆ ಸೇರಿತು. ಉಳಿದಿದ್ದು ಎರೆ ಮಣ್ಣಿನ ಬಿರುಕಿಗೆ ಬಿತ್ತು, ಅದರಲ್ಲೂ ಉಳಿದಿದ್ದನ್ನು ಇರುವೆ ಸಾಲುಗಟ್ಟಿ ಹೊತ್ತೊಯ್ದವು. ಮೂಲೆಯಲ್ಲಿ ಹಸಿರು ಬುಗ್ಗೆ, ನಡುವೆಲ್ಲ ಬೋಳು.

ಬೋಳು ಜಾಗ ಬಹಳ ದಿನ ಖಾಲಿ ಇರಲಿಲ್ಲ ಬಿಡಿ. ಗೊಬ್ಬರ ಅಂತ ಹಾಕಿದ್ದು ಹಸಿ ಕುರಿಹಿಕ್ಕೆ. ಕುರಿಗಳು ಬೇಸಿಗೆಯಲ್ಲಿ ತಿನ್ನೋದು ಬಳ್ಳಾರಿ ಜಾಲಿಯ ಕಾಯಿ, ಅದರ ಬೀಜ ಹೊಟ್ಟೆಯೊಳಗೆ ಕರಗೋದಿಲ್ಲ, ಹಿಕ್ಕೆಯಲ್ಲಿ ಹೊರಬಿದ್ದು ಚೆನ್ನಾಗಿ ಮೊಳೆಯುತ್ತೆ. ಬಳ್ಳಾರಿಯಿಂದ ಬಸ್ಸು ತಡವಾಗಬಹುದು, ಬಳ್ಳಾರಿ ಜಾಲಿ ತಡವಾಗೋದಿಲ್ಲ. ಜೊತೆಗೆ ಕಾಂಗ್ರೆಸ್ ಗಿಡ, ನೆಗ್ಗಿಲ ಮುಳ್ಳು, ಜೇಕು. ಈ ಜೇಕನ್ನು ಮೇಲೆ ಕಿತ್ತರೆ ಎಲೆ ಕೈಗೆ ಬರುತ್ತೆ, ಗಡ್ಡೆ ಮಣ್ಣಲ್ಲೇ ಉಳಿದು ಮತ್ತೆ ಚಿಗುರುತ್ತೆ. ಬಿತ್ತುವ ಮುಂಚೆ ಎರಡು ವಾರ ಬರೀ ನೀರು ಹಾಯಿಸಿ, ಹುಟ್ಟಿದ ಕಸವನ್ನೆಲ್ಲ ತೆಗೆದು, ಆಮೇಲೆ ಬೀಜವನ್ನು ಮರಳಿನ ಜೊತೆ ಬೆರೆಸಿ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಚೆಲ್ಲಿದ್ದರೆ ಇದರಲ್ಲಿ ಅರ್ಧ ತಪ್ಪುತ್ತಿತ್ತು. ಊರಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ, ಒಂದು ಫೋನ್ ಸಾಕಿತ್ತು. ಆದರೆ ಉದ್ಘಾಟನೆಯ ತಾರೀಕು ಮೊದಲೇ ಬಿತ್ತಿಯಾಗಿತ್ತಲ್ಲ.

ಉದ್ಘಾಟನೆಗೆ ಮೂರು ದಿನ ಇರುವಾಗ ಬೋಳು ಕಾಣಬಾರದು ಅಂತ ಪ್ಲಾಸ್ಟಿಕ್ ಹುಲ್ಲಿನ ಮ್ಯಾಟ್ ಹಾಸಿದರು. ಬಂದವರು ಅದರ ಮೇಲೆ ನಿಂತು ಪರಿಸರದ ಬಗ್ಗೆ ಮಾತಾಡಿದರು. ಫೋಟೊ ಚೆನ್ನಾಗಿ ಬಂದಿದೆ. ಒಂದು ವಾರದ ಮೇಲೆ ಮ್ಯಾಟ್ ಎತ್ತಿದರೆ ಅಡಿಯಲ್ಲಿದ್ದ ನಾಲ್ಕು ಮೊಳಕೆಯೂ ಬೆಂದು ಹೋಗಿದ್ದವು. ಜೇಕು ಮಾತ್ರ ಮ್ಯಾಟನ್ನೇ ತೂತು ಮಾಡಿಕೊಂಡು ಮೇಲೆ ಬಂದಿತ್ತು.

ಆಗ ಸೂಪರ್‌ವೈಸರ್‌ಗೆ ಸಿಟ್ಟು ಬಂತು. ಗ್ಲೈಫೋಸೇಟ್ ಅನ್ನೋ ಕಳೆನಾಶಕ ತಂದು ಹೊಡೆಸಿದ. ಆ ಔಷಧಿಗೆ ಕಳೆ ಯಾವುದು ಲಾನ್ ಯಾವುದು ಅಂತ ಎಸ್ಟಿಮೇಟ್ ಓದೋಕೆ ಬರೋದಿಲ್ಲ. ಮೂಲೆಯ ಹಸಿರು ಬುಗ್ಗೆಯೂ ಹೋಯಿತು. ಅಲ್ಲಲ್ಲಿ ಬೋಳು ಅನ್ನೋ ದೂರು ಇದ್ದಿದ್ದು ಈಗ ಪರಿಹಾರವಾಗಿದೆ, ಒಂದೇ ಸಮ ಬೋಳು. ಅದರ ನಡುವೆ "ಹುಲ್ಲಿನ ಮೇಲೆ ನಡೆಯಬೇಡಿ" ಅನ್ನೋ ಬೋರ್ಡ್. ಪಾಲಿಸದೆ ಇರೋದು ಹೇಗೆ ಅಂತ ನನಗೆ ಇನ್ನೂ ಗೊತ್ತಾಗಿಲ್ಲ.

ಜೂನ್‌ನಲ್ಲಿ ಮಳೆ ಬಂತು. ಕಾಂಪೌಂಡಿನಾಚೆ ಎಸೆದಿದ್ದ ಕರಕಿ ಚರಂಡಿಯ ತೇವಕ್ಕೆ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು, ರಸ್ತೆಯುದ್ದಕ್ಕೂ ಕಂಬಳಿ ಹಾಸಿದ ಹಾಗೆ ಹಬ್ಬಿದೆ. ಆಡುಗಳೂ ಅಲ್ಲಿಗೇ ಬದಲಾಗಿವೆ. ಒಳಗಿನದಕ್ಕೆ "ಗ್ಯಾಪ್ ಫಿಲ್ಲಿಂಗ್" ಅಂತ ಹೊಸ ಎಸ್ಟಿಮೇಟ್ ತಯಾರಾಗುತ್ತಿದೆಯಂತೆ. ಆಚೆಯಿಂದ ನಾಲ್ಕು ಬುಟ್ಟಿ ಬೇರು ಕಿತ್ತು, ಗೇಣಿಗೊಂದರಂತೆ ಒಳಗೆ ನೆಟ್ಟರೆ ಮಳೆ ಮುಗಿಯೋದರೊಳಗೆ ಮುಚ್ಚಿಕೊಳ್ಳುತ್ತೆ ಅಂತ ನಾನೇ ಹೋಗಿ ಹೇಳಿದೆ. "ಸರ್, ಅದು ಕಳೆ ಅಂತ ಬಿಲ್ ಆಗಿದೆ" ಅಂದರು.

ಚೌತಿಯ ಹಿಂದಿನ ದಿನ ಗಣಪತಿಗೆ ಅಂತ ಕರಕಿ ಕೀಳೋಕೆ ಹೋದೆ. ವಾಚ್‌ಮನ್ ಗೇಟಿನೊಳಗಿಂದ ಕೂಗಿದ, "ಅಣ್ಣಾರ, ಒಳಗಿನ ಹುಲ್ಲು ಮುಟ್ಟಂಗಿಲ್ರಿ. ಹೊರಗಿಂದು ಎಷ್ಟು ಬೇಕಾದ್ರೂ ಒಯ್ರಿ."